ಬಚ್ಚಲಿಗೆ ಹರಿದ ಹಾಲು

ಹೆರಿಗೆಯಾಗಿ ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದ ಹೆಂಗಸರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದು, ನೇರ ನನ್ನ ಎದೆ ನೋಡಿದರು. ಆಮೇಲೆ ಮಗುವನ್ನು ನೋಡಿದರು. ಆಮೇಲೆ ಮತ್ತೆ ನನ್ನ ಎದೆ. ಹಾಲು ಕರೆಯುವ ದನವನ್ನು ಕೊಳ್ಳಲು ಬಂದವರು ಹಾಗೆ ನೋಡುತ್ತಾರೆ. "ಹಾಲು ಉಂಟಾ?" ಎನ್ನುವುದೇ ಮೊದಲ ಮಾತು. ಹೊಲಿಗೆ ನೋಯುತ್ತದಾ, ನಿದ್ರೆ ಬರುತ್ತದಾ ಎಂದು ಬಾಯಿ ತಪ್ಪಿಯೂ ಯಾರೂ ಕೇಳಲಿಲ್ಲ. "ಉಂಟು" ಎಂದರೆ ನಂಬದೆ ಅಮ್ಮನ ಕಡೆ ತಿರುಗಿ, "ಉಂಟಾ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಅಮ್ಮ ಒಂದು ಕ್ಷಣ ತಡೆದು, "ಹೂಂ, ಒಂದು ಮಟ್ಟಿಗೆ" ಎನ್ನುತ್ತಿದ್ದಳು. ಆ "ಒಂದು ಮಟ್ಟಿಗೆ" ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಅದಕ್ಕೆ ನಾನು ಹೊಣೆಯಲ್ಲ.

ನನ್ನ ತವರು ನರಿಕೊಂಬಿನಲ್ಲಿ. ಗಂಡನ ಮನೆ ಮಡಂತ್ಯಾರಿನ ಕಡೆ. ಗಂಡ ದುಬೈಯಲ್ಲಿ. ಹೆರಿಗೆಗೆಂದು ಬಂದು, ಮಗಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು, ರಜೆ ಮುಗಿಯಿತೆಂದು ಹೊರಟುಹೋದರು. ಉಳಿದದ್ದು ನಾನು, ಮಗಳು, ಅಮ್ಮ ಮತ್ತು ನನ್ನ ಬಾಣಂತನಕ್ಕೆಂದೇ ಬೆಳ್ತಂಗಡಿಯಿಂದ ಬಂದು ಕೂತ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಬಾಣಂತಿಯನ್ನು ಮೀಯಿಸುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ ಎಂದು ಕುಟುಂಬದಲ್ಲಿ ಹೆಸರು. ಆ ಹೆಸರು ಕೊಟ್ಟವರನ್ನು ಒಂದು ದಿನ ಅವರ ಕೈಗೆ ಕೊಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮಲ್ಲಿ ಬಾಣಂತನ ಎಂದರೆ ತವರಿನ ಪರೀಕ್ಷೆ. ತೊಟ್ಟಿಲಿಗೆ ಹಾಕುವ ದಿನ ಗಂಡನ ಮನೆಯವರು ಬಂದು ಮೊದಲು ಮಗುವನ್ನು ಎತ್ತಿ ಭಾರ ನೋಡುತ್ತಾರೆ, ಆಮೇಲೆ ಬಾಣಂತಿಯ ಕೆನ್ನೆ ನೋಡುತ್ತಾರೆ. ಎರಡೂ ತುಂಬಿಕೊಂಡಿದ್ದರೆ ತವರು ಪಾಸು. ಇಲ್ಲದಿದ್ದರೆ ಮಡಂತ್ಯಾರು ಪೇಟೆಯ ತುಂಬ ಅದೇ ಸುದ್ದಿ. ಅಮ್ಮನಿಗೆ ಆ ದಿನದ್ದೇ ಚಿಂತೆ. ನನಗೆ ಇದ್ದದ್ದು ಒಂದೇ ಆಸೆ. ನನ್ನ ಮಗಳಿಗೆ ನಾನೇ ಹಾಲು ಕೊಡಬೇಕು. ಬೇರೆ ಯಾವುದನ್ನೂ ನಾನು ಯಾರಲ್ಲೂ ಕೇಳಿರಲಿಲ್ಲ.

ಶುರುವಿನಲ್ಲಿ ಅದು ಸುಲಭವಾಗಿರಲಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬಂತು. ಮಗಳು ಬಾಯಿ ಹಾಕಿದ ಕೂಡಲೇ ಕಾಲಿನ ಬೆರಳು ಮಡಚಿ ಹಲ್ಲು ಕಚ್ಚಿ ಕೂರುತ್ತಿದ್ದೆ. ಆದರೂ ಅವಳು ಕುಡಿಯುತ್ತಿದ್ದಳು. ಗಟಗಟ ನುಂಗುವುದು ಕೇಳುತ್ತಿತ್ತು. ಕುಡಿದು, ಬಾಯಿ ಅರ್ಧ ತೆರೆದು, ಅಮಲೇರಿದವರ ಹಾಗೆ ನಿದ್ರೆ ಹೋಗುತ್ತಿದ್ದಳು. ನೋವು ಇಳಿಯುತ್ತ ಬಂತು, ನನಗೂ ಧೈರ್ಯ ಬಂತು. ಅಷ್ಟರಲ್ಲಿ ಅವಳು ಬೆಳಗಿನ ಹೊತ್ತು ಕುಡಿಯುವುದನ್ನು ನಿಲ್ಲಿಸಿದಳು.

ಬೆಳಗ್ಗೆ ನನ್ನ ಸ್ನಾನ. ಮೊದಲು ಮೈಯಿಡೀ ಎಣ್ಣೆ ಹಚ್ಚಿ ದೊಡ್ಡಮ್ಮ ಹಿಟ್ಟು ನಾದುವ ಹಾಗೆ ನಾದುತ್ತಿದ್ದರು. ಆಮೇಲೆ ಬಚ್ಚಲಲ್ಲಿ ಹಂಡೆಯ ಕುದಿಯುವಂಥ ನೀರು. ಸೊಂಟಕ್ಕೆ, ಬೆನ್ನಿಗೆ, ಹೊಟ್ಟೆಗೆ ಚೆಂಬಿನಿಂದ ಎತ್ತಿ ರಪ್ಪೆಂದು ಹೊಡೆಯುವುದು. "ಅಯ್ಯೋ ಸುಡ್ತದೆ" ಎಂದರೆ, "ಸುಡ್ಲಿಕ್ಕೇ ಹಾಕುದು ಮಾರಾಯ್ತಿ" ಎನ್ನುವರು. ಆಮೇಲೆ ತಲೆಗೆ ಬಟ್ಟೆ ಬಿಗಿದು, ಹೊಟ್ಟೆಗೆ ಹಳೆ ಸೀರೆ ಸುತ್ತಿ, ಕಂಬಳಿ ಹೊದೆಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆವರಲು ಮಲಗಿಸುವರು. ಹೇಳುವವರೆಗೆ ಏಳುವ ಹಾಗಿಲ್ಲ. ಎದ್ದು ಬರುವಾಗ ಮಧ್ಯಾಹ್ನದ ಊಟದ ಹೊತ್ತು. ಎದೆ ಕಲ್ಲಾಗಿರುತ್ತಿತ್ತು. ಮಗಳನ್ನು ಎತ್ತಿದರೆ ಅವಳು ಮುಖ ತಿರುಗಿಸಿ ಮಲಗುತ್ತಿದ್ದಳು. ಒತ್ತಾಯ ಮಾಡಿದರೆ ತೊಟ್ಟನ್ನು ನಾಲಿಗೆಯಿಂದ ಹೊರಗೆ ದೂಡುತ್ತಿದ್ದಳು.

"ಹಾಲಿಲ್ಲ, ಅದಕ್ಕೇ ಕುಡಿಯುದಿಲ್ಲ" ಎಂದಳು ಅಮ್ಮ. "ಬತ್ತಿದ ಎದೆಗೆ ಮಕ್ಕಳು ಬಾಯಿ ಹಾಕುದಿಲ್ಲ."

ಹಾಲಿಲ್ಲವಾದರೆ ಬಚ್ಚಲಲ್ಲಿ ಹರಿಯುತ್ತಿದ್ದದ್ದು ಏನು? ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೇ ನನ್ನ ಎರಡೂ ಎದೆಯಿಂದ ಹಾಲು ತೊಟ್ಟಿಕ್ಕಿ, ಕಪ್ಪು ಕಲ್ಲಿನ ಮೇಲೆ ಬಿಳಿ ಗೆರೆಯಾಗಿ ಇಳಿದು, ನೀರಿನ ಜೊತೆ ಬಚ್ಚಲ ತೂತಿಗೆ ಹೋಗುತ್ತಿತ್ತು. ದೊಡ್ಡಮ್ಮನಿಗೆ ತೋರಿಸಿದೆ. ಅವರು ಬಗ್ಗಿ ನೋಡಿ, "ಅದು ಹಾಲಲ್ಲ, ಬರೀ ನೀರು. ಹಾಲು ಅಂದ್ರೆ ದಪ್ಪ ಇರ್ತದೆ" ಎಂದು ಅದರ ಮೇಲೆ ಒಂದು ಚೆಂಬು ನೀರು ಹೊಯ್ದರು.

ಇನ್ನು ಕುಡಿಯುವ ನೀರಿನ ಕತೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಮುಂದೆ ಬರುತ್ತದಂತೆ, ಮಗುವಿಗೆ ಶೀತವಾಗುತ್ತದಂತೆ. ಆದ್ದರಿಂದ ಔಷಧಿ ಕುಡಿಸುವಂಥ ಒಂದು ಪುಟ್ಟ ಲೋಟದಲ್ಲಿ ಜೀರಿಗೆ ಕುದಿಸಿದ ನೀರು, ಊಟದ ಜೊತೆ, ಅಷ್ಟೇ. ಲೇಹ್ಯ ತಿನ್ನು, ಮೆಂತೆ ಗಂಜಿ ಉಣ್ಣು, ಕರಿಮೆಣಸಿನ ಸಾರು ಸುರಿದುಕೋ, ಬೆವರು ಸುರಿಸು, ನೀರು ಮಾತ್ರ ಕೇಳಬೇಡ. ಕೋಣೆಯ ಕಿಟಕಿಯ ಸಂದಿನಿಂದ ನೇತ್ರಾವತಿ ಕಾಣುತ್ತಿತ್ತು. ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡು ಮಲಗಿದವಳಿಗೆ ಅಷ್ಟು ನೀರು ನೋಡಿ ಸಿಟ್ಟು ಬರದೆ ಇರುತ್ತದಾ?

ಆದರೂ ಅಮ್ಮನ ಮಾತನ್ನು ನಂಬಿದೆ. ಡಿಗ್ರಿ ಮಾಡಿದವಳು, ಬಿ.ಸಿ. ರೋಡಿನ ಆಫೀಸಿನಲ್ಲಿ ಹತ್ತು ಜನರಿಗೆ ಜೋರು ಮಾಡುತ್ತಿದ್ದವಳು, ನನ್ನ ಮೈಯಲ್ಲಿ ಏನೋ ಕೊರತೆ ಉಂಟು ಎಂದು ನಂಬಿ ಕಂಬಳಿಯೊಳಗೆ ಅತ್ತೆ. ಅಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ವಿಡಿಯೊ ಕಾಲ್‌ನಲ್ಲಿ ಗಂಡನಿಗೆ ಹೇಳಿದರೆ, "ಅದಕ್ಕೆ ಯಾಕೆ ಅಳುದು? ನಾನು ಕಳಿಸಿದ ಪೌಡರ್ ಟಿನ್ ಉಂಟಲ್ಲ, ಇಲ್ಲಿ ಎಲ್ಲರೂ ಅದನ್ನೇ ಕೊಡುದು" ಎಂದರು. ರಜೆಯಲ್ಲಿ ಊರಿಗೆ ಬಂದ ಸ್ನೇಹಿತನ ಕೈಯಲ್ಲಿ ಖರ್ಜೂರ, ಚಾಕಲೇಟು, ಅತ್ತರಿನ ಜೊತೆ ಆ ಟಿನ್‌ಗಳನ್ನೂ ಕಳಿಸಿದ್ದರು. ಅವನ್ನು ಅಟ್ಟಕ್ಕೆ ಹಾಕು ಎಂದು ಬಂದ ದಿನವೇ ಅಮ್ಮನಿಗೆ ಹೇಳಿದ್ದೆ. ಅಮ್ಮ ತಲೆಯಾಡಿಸಿದ್ದಳು.

ಒಂದು ಬೆಳಗ್ಗೆ ದೊಡ್ಡಮ್ಮ ಸೊಂಟಕ್ಕೆ ನೀರು ಹೊಯ್ಯುತ್ತಿದ್ದಾಗ ಬೆಳ್ತಂಗಡಿಯಿಂದ ಅವರ ಸೊಸೆಯ ಫೋನು ಬಂತು. ಸೊಸೆಗೆ ಬೈಯಲು ಸಿಕ್ಕ ಅವಕಾಶವನ್ನು ಬಿಡುವವರಲ್ಲ ಅವರು. ಚೆಂಬು ಕೆಳಗಿಟ್ಟು, ಕೈ ಒರೆಸಿ, ಅಂಗಳಕ್ಕೆ ಹೋದರು. ಬೈಗುಳ ಮುಗಿಯುವ ಲಕ್ಷಣ ಇರಲಿಲ್ಲ. ನನಗೆ ಚಳಿ ಹಿಡಿಯಿತು. ಎದೆಯಿಂದ ಹಾಲು ಇಳಿಯುತ್ತಲೇ ಇತ್ತು. ಯಾಕೋ ಆ ದಿನ ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಸೀರೆ ಸುತ್ತಿಕೊಂಡು, ಎಣ್ಣೆ ಹತ್ತಿದ ಕಾಲು ಜಾರದಂತೆ ಗೋಡೆ ಹಿಡಿದು, ಕೋಣೆಗೆ ಬಂದೆ.

ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲಿನ ಮೇಲೆ ನನ್ನ ಮಗಳು. ಅಮ್ಮನ ಕೈಯಲ್ಲಿ ನನ್ನನ್ನು ಬೆಳೆಸಿದ ಬೆಳ್ಳಿಯ ಒಳಲೆ, ಶಿಶುಗಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು. ಪಕ್ಕದಲ್ಲಿ ದುಬೈಯ ಟಿನ್ನು, ಮುಚ್ಚಳ ತೆಗೆದದ್ದು. ಒಳಗೆ ಅರ್ಧಕ್ಕಿಂತ ಕೆಳಗೆ ಪುಡಿ.

"ಎಂತ ಇದು?"

ಅಮ್ಮ ಬೆಚ್ಚಲಿಲ್ಲ. ಒಳಲೆ ಕೆಳಗಿಡಲೂ ಇಲ್ಲ. "ಮೈ ಒರೆಸದೆ ಬಂದಿಯಾ? ಶೀತ ಆಗ್ತದೆ" ಎಂದಳು.

"ನಾನು ಕೇಳಿದ್ದು ಅದಲ್ಲ."

"ಮಗು ಹಸಿದು ಅಳುದು ಬೇಡ ಅಂತ ಒಂಚೂರು ಕೊಟ್ಟೆ. ವಿಷ ಕೊಟ್ಟೆನಾ ನಾನು?"

ಅಷ್ಟರಲ್ಲಿ ದೊಡ್ಡಮ್ಮ ಒಳಗೆ ಬಂದು, ತಂಗಿಯ ಪರ ನಿಲ್ಲುವ ಭರದಲ್ಲಿ ಎಲ್ಲವನ್ನೂ ಹೊರಗೆ ಹಾಕಿದರು. "ದಿನಾ ಕೊಡುದಲ್ವಾ? ಇವತ್ತು ಹೊಸತಾ? ನೀನು ಮಿಂದು ಮಲಗಿ ಏಳುವ ತನಕ ಮಗು ಉಪವಾಸ ಇರ್ಬೇಕಾ?"

"ಎಬ್ಬಿಸಿದ್ರೆ ಏಳ್ತಿದ್ದೆ ನಾನು!"

"ಕೂಗ್ಬೇಡ" ಎಂದಳು ಅಮ್ಮ. "ಮಡಂತ್ಯಾರಿನವರು ಬಂದು ಮಗುವನ್ನು ಎತ್ತುವಾಗ ಹಗುರ ಇದ್ರೆ ಮಾತು ಕೇಳುದು ಯಾರು? ನೀನಾ? ನಾನು. ತವರಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ನನ್ನ ಮುಖಕ್ಕೇ ಹೇಳ್ತಾರೆ."

"ಹಾಗಾದ್ರೆ ನನಗೆ ಹಾಲಿಲ್ಲ ಅಂತ ಯಾಕೆ ಹೇಳಿದ್ದು? ಹೊಟ್ಟೆ ತುಂಬಿದ್ದಕ್ಕೆ ಅವಳು ಕುಡಿಯುದಿಲ್ಲ ಅಂತ ಗೊತ್ತಿದ್ದೂ? ನಾನು ದಿನಾ ಅಳುದು ನೋಡ್ತಾ ನಿಂತಿದ್ದೆಯಲ್ಲ!"

ಅಮ್ಮ ಮಗುವಿನ ಬಾಯಿ ಒರೆಸಿದಳು. "ಬಾಣಂತಿಯರು ಅಳುದು ಎಲ್ಲ ಕಡೆ ಉಂಟು" ಎಂದಳು.

ಪುಡಿ ಹಾಲು ಕೊಟ್ಟದ್ದನ್ನು ನಾನು ಮರೆಯಬಲ್ಲೆ. ಅದನ್ನೇ ಕುಡಿದು ಬೆಳೆದ ಮಕ್ಕಳು ಊರು ತುಂಬ ಇದ್ದಾರೆ. ಈ ಮಾತನ್ನು ಮಾತ್ರ ಇವತ್ತಿಗೂ ಮರೆತಿಲ್ಲ. ಟಿನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಬಾಳೆಯ ಬುಡಕ್ಕೆ ಸುರಿದೆ. ಅಟ್ಟದಲ್ಲಿದ್ದವನ್ನೂ ಇಳಿಸಿ ಸುರಿದೆ. ದೊಡ್ಡಮ್ಮ, "ಅಯ್ಯೋ ದೇವರೇ, ಇವಳಿಗೆ ತಲೆ ಕೆಟ್ಟಿದೆ" ಎಂದು ಕೂಗಿಕೊಂಡರು. ಅಮ್ಮ ನನ್ನ ಗಂಡನಿಗೆ ಫೋನು ಮಾಡಿ, "ನೋಡಿ ನಿಮ್ಮ ಹೆಂಡತಿಯ ಅವತಾರ" ಎಂದು ಕ್ಯಾಮರಾ ನನ್ನ ಕಡೆ ತಿರುಗಿಸಿದಳು. "ಹಿರಿಯರ ಹತ್ರ ಯಾಕೆ ಗಲಾಟೆ ಮಾರಾಯ್ತಿ" ಎಂದರು ಅವರು. ನಾನು ಫೋನು ಕಿತ್ತುಕೊಂಡು ಆಫ್ ಮಾಡಿದೆ.

ಅಂದಿನಿಂದ ಮಗಳು ನನ್ನ ಕಣ್ಣ ಮುಂದೆಯೇ ಇದ್ದಳು. ಬಚ್ಚಲಿಗೂ ಅವಳನ್ನು ಕರೆದೊಯ್ದು, ಬಾಗಿಲ ಬಳಿ ಚಾಪೆ ಹಾಕಿ ಮಲಗಿಸುತ್ತಿದ್ದೆ. ಬೆವರುವ ಕಂಬಳಿಯನ್ನು ಮಡಚಿ ದೊಡ್ಡಮ್ಮನ ಕೈಗೆ ಕೊಟ್ಟೆ. ಅಡುಗೆಮನೆಗೆ ಹೋಗಿ ಕೊಡಪಾನದಿಂದ ನಾನೇ ನೀರು ಬಗ್ಗಿಸಿ ಕುಡಿದೆ. "ಹೊಟ್ಟೆ ಬಂದ್ರೆ ನನಗೆ ಹೇಳ್ಬೇಡ" ಎಂದರು ದೊಡ್ಡಮ್ಮ. "ಹೇಳುದಿಲ್ಲ" ಎಂದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಬಾಗಿಲಲ್ಲಿ ಶಬ್ದ ಮಾಡಿ ಇಟ್ಟು ಹೋಗುತ್ತಿದ್ದಳು.

ಆದರೆ ಅವಳಿಗೆ ಸಾಲುವಷ್ಟು ಹಾಲು ನನ್ನ ಹಟಕ್ಕೆ ಕೂಡಲೇ ಬರಲಿಲ್ಲ. ಅಷ್ಟು ದಿನ ಬೆಳಗಿನ ಹಾಲನ್ನು ಕೇಳುವವರೇ ಇರಲಿಲ್ಲವಲ್ಲ, ಬಿಸಿನೀರಿಗೆ ಇಳಿಯುತ್ತಿದ್ದಷ್ಟು ಬಿಟ್ಟರೆ ಉಳಿದದ್ದನ್ನು ಮೈ ಮರೆತಿತ್ತು. ಮಗಳು ಎಳೆದು, ಸಿಗದೆ, ಮುಖ ಕೆಂಪು ಮಾಡಿಕೊಂಡು ಕಿರುಚುತ್ತಿದ್ದಳು. ಎಡಕ್ಕೆ ಹಾಕಿ, ಬಲಕ್ಕೆ ಹಾಕಿ, ಮತ್ತೆ ಎಡಕ್ಕೆ. ಕೆನ್ನೆ ಸ್ವಲ್ಪ ಇಳಿಯಿತು. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಮಗು ಯಾಕೆ ಆ ನಮೂನೆ ಕೂಗುದು?" ಎಂದರೆ ಅಮ್ಮ ನನಗೆ ಕೇಳುವಂತೆ, "ಹಸಿವೆಗೆ" ಎನ್ನುತ್ತಿದ್ದಳು. ಟಿನ್ನು ಚೆಲ್ಲಿ ತಪ್ಪು ಮಾಡಿದೆನಾ ಎಂದು ಹೆದರಿದೆ. ಅಮ್ಮ ಗೆದ್ದುಬಿಡುತ್ತಾಳೆ ಎಂದು ಇನ್ನೂ ಹೆಚ್ಚು ಹೆದರಿದೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ತೋರಿಸಿದೆ. ಮಗು ಆರೋಗ್ಯವಾಗಿದೆ, ಕುಡಿಸುತ್ತ ಇರಿ, ವಾರ ಬಿಟ್ಟು ತೂಕಕ್ಕೆ ಬನ್ನಿ ಎಂದರು. ಕುಡಿಸುತ್ತ ಇದ್ದೆ. ಒಂದು ಬೆಳಗ್ಗೆ ಅವಳ ಗಂಟಲಿನಲ್ಲಿ ಮತ್ತೆ ಆ ಗಟಗಟ ಕೇಳಿಸಿತು. ಯಾರಿಗೂ ಹೇಳಲಿಲ್ಲ.

ತೊಟ್ಟಿಲ ದಿನ ಮಡಂತ್ಯಾರಿನಿಂದ ಒಂದು ಜೀಪು ತುಂಬ ಜನ ಬಂದರು. ಅತ್ತೆ ರೇಷ್ಮೆ ಸೀರೆಯುಟ್ಟು, ಚಾವಡಿಯ ನಡುವೆ ಕುರ್ಚಿಯಲ್ಲಿ ಕೂತು, ಕೈ ಚಾಚಿದರು. ಮಗಳನ್ನು ಕೊಟ್ಟೆ. ಅವರು ಎತ್ತಿ, ಇಳಿಸಿ, ಇನ್ನೊಮ್ಮೆ ಎತ್ತಿ ಭಾರ ನೋಡಿದರು.

"ಮಗು ಸಪೂರ ಉಂಟಲ್ಲ?"

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ನನ್ನನ್ನು ತೋರಿಸಿದಳು. "ಹೇಳಿದ್ದು ಕೇಳ್ಬೇಕಲ್ಲ ಇವಳು. ಅಳಿಯ ಅಷ್ಟು ದೂರದಿಂದ ಕಳಿಸಿದ ಟಿನ್ನಿನ ಹಾಲು ಬಾಳೆಯ ಬುಡಕ್ಕೆ ಹೋಯ್ತು. ಇನ್ನು ನೀವೇ ಕೇಳಿ."

ಅತ್ತೆ ನನ್ನ ಕಡೆ ತಿರುಗಿದರು. ಮುಖ ನೋಡಲಿಲ್ಲ. "ಹಾಲು ಉಂಟಾ ನಿನಗೆ?"

ಮಗಳು ಅತ್ತಳು. "ಒಳಗೆ ಕರ್ಕೊಂಡು ಹೋಗು" ಎಂದರು ದೊಡ್ಡಮ್ಮ. ನಾನು ಹೋಗಲಿಲ್ಲ. ಮಗಳನ್ನು ಎತ್ತಿಕೊಂಡು, ಅತ್ತೆಯ ಎದುರಿನ ಕುರ್ಚಿಯಲ್ಲೇ ಕೂತು ರವಿಕೆ ಬಿಚ್ಚಿದೆ. ಮಾವ ಕೆಮ್ಮಿ ಅಂಗಳದ ಕಡೆ ಮುಖ ಮಾಡಿದರು. ಮಗಳು ಬಾಯಿ ಹಾಕಿದಳು. ಮೊದಲು ಚೂರು ಚೂರು ಎಳೆದಳು, ಆಮೇಲೆ ಗಟಗಟ. ಆ ಶಬ್ದ ಚಾವಡಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಹಾಲು ಜೋರಾಗಿ ಬಂದು ಮಗಳಿಗೆ ಕೆಮ್ಮು ಬಂತು. ಅವಳು ತೊಟ್ಟು ಬಿಟ್ಟಳು. ಹಾಲು ಸುಯ್ಯೆಂದು ಚಿಮ್ಮಿ ಅತ್ತೆಯ ರೇಷ್ಮೆ ಸೀರೆಯ ನೆರಿಗೆಯ ಮೇಲೆ ಬಿತ್ತು.

"ಉಂಟು" ಎಂದೆ.

ಅತ್ತೆ ಸೀರೆ ನೋಡಿಕೊಂಡರು. ಒರೆಸಲಿಲ್ಲ. ನನ್ನ ಗಂಟಲು ಒಣಗಿತ್ತು. "ಅಮ್ಮ, ಕುಡಿಯಲಿಕ್ಕೆ ನೀರು ಕೊಡು" ಎಂದೆ. "ತಣ್ಣೀರು."

"ಬಾಣಂತಿಗೆ ತಣ್ಣೀರು ಎಲ್ಲಿ..." ಎಂದು ದೊಡ್ಡಮ್ಮ ಶುರು ಮಾಡಿದರು. ಅಮ್ಮ ಅವರನ್ನು ದಾಟಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಔಷಧಿಯ ಲೋಟ ಇರಲಿಲ್ಲ. ದೊಡ್ಡ ಹಿತ್ತಾಳೆಯ ಚೆಂಬು ತುಂಬಿ ತಂದಿದ್ದಳು. ನನ್ನನ್ನು ನೋಡದೆಯೇ ಚಾಚಿದಳು. ಮಗಳು ಮತ್ತೆ ಬಾಯಿ ಹಾಕಿ ಕುಡಿಯುತ್ತಿದ್ದಳು. ನಾನೂ ಒಂದೇ ಕೈಯಲ್ಲಿ ಚೆಂಬು ಎತ್ತಿ, ಅಷ್ಟು ಜನರ ಮುಂದೆ, ತಳ ಕಾಣುವ ತನಕ ಕುಡಿದೆ. ಬಾಯಿ ಒರೆಸಿಕೊಂಡು ಖಾಲಿ ಚೆಂಬನ್ನು ಅಮ್ಮನ ಕೈಗೆ ಕೊಟ್ಟೆ.

"ಇನ್ನೊಂದು" ಎಂದೆ.