ಪ್ಲಗ್ ಕೀಳುವ ಶಂಕ್ರಪ್ಪ ಸರ್

ಓಡುತ್ತಿರುವ ಕಂಪ್ಯೂಟರಿನ ಪ್ಲಗ್ಗನ್ನು ಹೇಳದೆ ಕೇಳದೆ ಕೀಳುವುದು ಶಂಕ್ರಪ್ಪ ಸರ್ ಅವರ ನಿತ್ಯವ್ರತ. ಮಸ್ಕಿಯ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ ನಾನು ಆ ವ್ರತದ ಪ್ರಸಾದವನ್ನು ಹೊಟ್ಟೆ ತುಂಬ ಉಂಡವನು.

ಕಂಪ್ಯೂಟರಿನ ಕಾಯಂ ನೆನಪಾದ ಡಿಸ್ಕಿಗೆ ಬರೆಯುವುದರಲ್ಲಿ ಎರಡು ಸಂಪ್ರದಾಯಗಳಿವೆ. ಬರೆದದ್ದೆಲ್ಲ ಡಿಸ್ಕಿಗೆ ಇಳಿದ ಮೇಲಷ್ಟೇ ‘ಮುಗಿಯಿತು’ ಎನ್ನುವುದು ನಿಧಾನದ್ದು. ಎಲ್ಲವನ್ನೂ ಕ್ಯಾಶೆ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಹಿಡಿದಿಟ್ಟು, ಮೊದಲೇ ‘ಮುಗಿಯಿತು’ ಎಂದು ಸಾರಿ, ಡಿಸ್ಕಿಗೆ ಪುರಸೊತ್ತಿನಲ್ಲಿ ಬರೆಯುವುದು ಚುರುಕಿನದು. ನಡುವೆ ಕರೆಂಟ್ ಹೋದರೆ ಕ್ಯಾಶೆಯಲ್ಲಿದ್ದದ್ದು ಶಿವಾಯ ನಮಃ. ಸರ್ ಒಂದೇ ಮದುವೆಯ ವಿಡಿಯೊವನ್ನು ಎರಡೂ ರೀತಿಯಲ್ಲಿ ನಕಲು ಮಾಡಿ, ಸಿಂಧನೂರಿನಲ್ಲಿ ಕೊಂಡ ಕೈಗಡಿಯಾರದಲ್ಲಿ ಹೊತ್ತು ಅಳೆಯುವರು. ಆಮೇಲೆ ಪ್ಲಗ್ ಕಿತ್ತು, ಮತ್ತೆ ಹಚ್ಚಿ, ಉಳಿದದ್ದೆಷ್ಟು ನೋಡುವರು.

“ಮುಗೀತು ಅಂತ ಅದು ಅಂದ್ರ ಮುಗೀತೇನಲೇ? ನೀ ಕಣ್ಣಾರೆ ನೋಡಿಯೇನು?”

ಗಿರಾಕಿಗಳ ಕೆಲಸಕ್ಕೆ ನಿಧಾನದ್ದೇ ಎಂದು ಅಪ್ಪಣೆ.

ಒಂದು ಸಂತೆಯ ದಿನ ಪಾಮನಕಲ್ಲೂರಿನ ಹನುಮವ್ವ ಕೆಟ್ಟು ತಡವರಿಸುವ ಫೋನಿನ ಮೆಮೊರಿ ಕಾರ್ಡ್ ತಂದಳು. ಅದರಲ್ಲಿದ್ದದ್ದು, ತೀರಿಹೋದ ಮಗಳು ನಗುವ ಚಿಕ್ಕದೊಂದು ವಿಡಿಯೊ. ಅಂಗಡಿ ತುಂಬ ಜನ. ಅವಸರದಲ್ಲಿ ನಾನು ಸರ್ ಪರೀಕ್ಷೆಗಿಟ್ಟಿದ್ದ ಕಂಪ್ಯೂಟರಿಗೇ ನಕಲು ಮಾಡಿದೆ. ಕ್ಯಾಶೆಯಲ್ಲಿದ್ದದ್ದನ್ನು ಹತ್ತು ನಿಮಿಷ ತಡೆದು ಬರೆಯುವಂತೆ ಅವರು ಅಂದು ಅದನ್ನು ಹೊಂದಿಸಿದ್ದರು. ಪರದೆ ‘ಮುಗಿಯಿತು’ ಎಂದಿತು. ನಾನು ಕಾರ್ಡನ್ನು ಪೂರ್ತಿ ಅಳಿಸಿ ಸರಿಮಾಡಿದೆ. ಹತ್ತು ನಿಮಿಷ ತುಂಬುವ ಮೊದಲೇ ಸರ್ ಬಂದು ಪ್ಲಗ್ ಕಿತ್ತು ವ್ರತ ಪೂರೈಸಿದರು.

ಹುಡುಕಿದೆವು. ಇರಲಿಲ್ಲ.

“ಕಿತ್ತ ಕೈ ನಂದು, ಹೇಳೋ ಬಾಯಿ ನಿಂದು,” ಎಂದರು ಸರ್.

ನನ್ನ ಬಾಯಿ ಹನುಮವ್ವನಿಗೆ, “ಇನ್ನಾ ಬರಿಯಾಕತ್ತೈತಿ ಯವ್ವಾ, ಮುಂದಿನ ಸಂತಿಗೆ ಬಾ,” ಎಂದಿತು. ಬಂದಳು. ಮತ್ತೆ ಅದನ್ನೇ ಅಂದೆ. ಹೀಗೆ ಆಕೆ ಮೂರನೆಯ ಸಲ ಕೇಳಲು ಬಂದಾಗ ನನ್ನ ಮಾತು ಸರ್ ಕಿವಿಗೆ ಬಿತ್ತು.

“ಇವ ಸುಳ್ಳು ಹೇಳ್ಯಾನ ಯವ್ವಾ. ನಿನ್ನ ಮಗಳ ನಗು ಹೋಗೈತಿ. ಎಲ್ಲೂ ಇಲ್ಲ.”

ಆಕೆ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. “ಮೂರು ಸಂತಿ ಬಸ್ಸಿನ್ಯಾಗ ನಕ್ಕೋತ ಬಂದ್ನೆಲ್ಲೋ ತಮ್ಮಾ.” ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಹೋದಳು. ಸರ್ ಅದನ್ನು ನನ್ನ ಕಂಪ್ಯೂಟರಿನ ಮೇಲೆ ಅಂಟಿಸಿದರು. ಕೀಳುವ ಧೈರ್ಯ ನನಗೆ ಬರಲಿಲ್ಲ.

ಸರ್ ಜೊತೆ ಕೊನೆಯ ಸಲ ಮಾತಾಡಿದ್ದು ಲಿಂಗಸುಗೂರಿನ ಆಸ್ಪತ್ರೆಯಲ್ಲಿ. ಮಂಚದ ಪಕ್ಕದ ಯಂತ್ರದ ವೈರಿನತ್ತ ಅವರ ಕೈ ಹೋಗುತ್ತಿತ್ತೆಂದು ಹೆಂಡತಿ ಅದನ್ನು ದೂರ ಸರಿಸಿದ್ದರು.

“ಆರಾಮ ಆಕೈತಿ ಅಂತ ಡಾಕ್ಟರು ಅಂದಾರ್ರೀ ಸರ್,” ಎಂದೆ.

“ಅದನ್ನೂ ನಂಬಿದೇನಲೇ?”

ಮೂರನೆಯ ದಿನ ಅವರ ಮಗ ಫೋನ್ ಮಾಡಿ, “ಮುಗೀತ್ರಿ,” ಎಂದ. ನಾನು ಬಸ್ ಹತ್ತಿ ಹೋದೆ. ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದೆ.

ಮುಗಿದಿತ್ತು.