ಅರಿಷಿಣ ಬಿದ್ದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೆಟಗೇರಿಯಿಂದ ಮುಂಡರಗಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಭೌತಶಾಸ್ತ್ರ ಕಲಿಸುವವಳಿಗೆ ಅದು ಇನ್ನೆಲ್ಲಿರಬೇಕು? ಬಿ.ಎಸ್ಸಿ. ಮೊದಲ ವರ್ಷದವರಿಗೆ ಭೌತ, ರಸಾಯನ, ಜೀವಶಾಸ್ತ್ರದ ನಾವು ಮೂವರೂ ಕೂಡಿ ಒಂದೇ ವಿಷಯ ಕಲಿಸಬೇಕೆಂದು ತೀರ್ಮಾನವಾದಾಗ ಮೊದಲು ಗೊಣಗಿದವಳು ನಾನೇ. ಯಾವ ವಿಷಯ ಎನ್ನುವುದಕ್ಕೇ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ನೀರನ್ನೇ ಆರಿಸಿಕೊಂಡೆವು. ಪ್ರತಿಯೊಬ್ಬರೂ ತಮ್ಮೂರಿನ ಕುಡಿಯುವ ನೀರು ಒಂದು ಬಾಟಲಿ ತರಬೇಕು. ಅದರಲ್ಲಿ ಕರಗಿದ್ದೇನು, ಬದುಕಿರುವುದೇನು, ಅದರೊಳಗೆ ಬೆಳಕು ಹೇಗೆ ಹಾಯುತ್ತದೆ, ಎಲ್ಲವನ್ನೂ ಒಂದೇ ಮೇಜಿನ ಮೇಲೆ ನೋಡುವುದು.

ಶುಕ್ರವಾರ, ಹಿರೇವಡ್ಡಟ್ಟಿಯಿಂದ ಬರುವ ಒಬ್ಬ ಹುಡುಗಿ ನನ್ನ ಬಳಿ ಬಂದಳು.

"ಮೇಡಂ, ನಂಗ ಸೈನ್ಸ್ ತಲಿಗೆ ಹತ್ತವಲ್ದರಿ. ನಾಳಿಗೆ ನೀರಿಂದು ಒಂದು ಮುಗಿಸಿ ಕಾಲೇಜ ಬಿಡ್ತೀನಿ."

"ಬಿಟ್ಟು ಏನ್ ಮಾಡ್ತಿ?"

"ಮನ್ಯಾಗ ಇರ್ತೀನ್ರಿ."

ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ಆ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೂ ಗೋಡೆ ನೋಡುತ್ತಿದ್ದರು. ತಪ್ಪೋ ಸರಿಯೋ ಬಾಯಿ ಬಿಡುತ್ತಿದ್ದವಳು ಇವಳೊಬ್ಬಳೇ. ಇವಳು ಹೋದರೆ ನಾನು ಯಾರಿಗೆ ಪಾಠ ಮಾಡಲಿ?

ಮರುದಿನ ಮೇಜಿನ ಮೇಲೆ ಬಾಟಲಿಗಳು ಸಾಲಾಗಿ ನಿಂತವು. ಅವಳ ಬಾಟಲಿಯ ಕೊರಳಿಗೆ ಕುಂಕುಮ ಮೆತ್ತಿತ್ತು, ಒಳಗಿನ ನೀರು ಹಳದಿ. ರಸಾಯನಶಾಸ್ತ್ರದ ಸರ್ ಅದನ್ನು ಬೆಳಕಿಗೆ ಹಿಡಿದರು.

"ಇದರಾಗ ಏನ್ ಹಾಕೀಯವ್ವಾ?"

"ಅರಿಷಿಣರಿ. ಕಾಲೇಜಿಗೆ ನೀರು ಒಯ್ತೀನಿ ಅಂದದ್ದಕ್ಕ ನಮ್ಮವ್ವ ಗಂಗವ್ವನ ಪೂಜಿ ಮಾಡಿ ಕೊಟ್ಟಾಳ."

ತರಗತಿ ನಕ್ಕಿತು. "ಪೂಜಿ ಆಗೈತಿ, ಸ್ಯಾಂಪಲ್ ಕೆಟ್ಟೈತಿ. ಚೆಲ್ಲಿಬಿಡು" ಎಂದರು ಸರ್.

ಬೋರಿಗೆ ನೀರು ಬಿದ್ದರೆ ಪೂಜೆ ಮಾಡದೆ ಕೊಡ ತುಂಬದ ಸೀಮೆ ನಮ್ಮದು. ಮಗಳು ಮನೆಯ ನೀರನ್ನು ಓದಿಗೆ ಒಯ್ಯುತ್ತಾಳೆಂದರೆ ತಾಯಿ ಬರಿಗೈಯಲ್ಲಿ ಕೊಡುತ್ತಾಳೆಯೇ? ಆದರೆ ಸರ್ ಹೇಳಿದ್ದೂ ಸರಿಯೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕಣ್ಣು ತುಂಬಿಕೊಂಡು ತೊಟ್ಟಿಯ ಕಡೆ ಹೊರಟವಳನ್ನು "ನಿಂದ್ರು" ಎಂದು ಗದರಿಸಿದೆ. ಅವಳ ಬಾಟಲಿಯಿಂದ ಒಂದಿಷ್ಟು ನೀರನ್ನು ಪ್ರನಾಳಕ್ಕೆ ಬಗ್ಗಿಸಿ, ಸರ್ ಮೇಜಿನ ಮೇಲಿದ್ದ ಕ್ಷಾರದ ಸೀಸೆಯಿಂದ ಎರಡು ಹನಿ ಬಿಟ್ಟೆ. ಹಳದಿ ಹೋಗಿ ನೀರು ಕೆಂಪಗಾಯಿತು.

"ಸುಣ್ಣ ಹಾಕಿದ್ರೇನ್ರಿ?" ಎಂದಳು.

"ಸುಣ್ಣ ಅಲ್ಲ, ಸುಣ್ಣದ ಅಣ್ಣ. ಹೆಂಗ್ ಗೊತ್ತಾತು?"

"ನಮ್ಮಜ್ಜಿ ಕುಂಕುಮ ಮಾಡ್ತಿದ್ಲರಿ. ಅರಿಷಿಣಕ್ಕ ಸುಣ್ಣ ಕೂಡಿಸಿದ್ರ ಕೆಂಪಾಕ್ಕೈತಿ."

ಸರ್ ಹತ್ತಿರ ಬಂದರು. "ಆತು. ಮತ್ತ ಹಳದಿ ಮಾಡೂದು ಹೆಂಗ?"

ಅದನ್ನು ಅವಳ ಅಜ್ಜಿ ಮಾಡಿ ತೋರಿಸಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ಯೋಚಿಸಿದಳು. "ಸುಣ್ಣದ ಜೋರು ಇಳಿಸಬೇಕ್ರಿ. ಹುಳಿ ಹಾಕಿದ್ರ?"

ಸರ್ ಆಮ್ಲದ ಸೀಸೆಯನ್ನು ಅವಳ ಮುಂದೆ ಸರಿಸಿದರು. ಅವಳು ಒಂದೊಂದೇ ಹನಿ ಬಿಟ್ಟಳು. ಕೆಂಪು ಇಳಿದು ಹಳದಿ ಬಂತು. ಹೀಗೇಕಾಯಿತೆಂದು ಸರ್ ಶುರು ಮಾಡಿದರು. ಆ ಬಣ್ಣ ಬೆಳಕಿನ ಯಾವ ಭಾಗವನ್ನು ನುಂಗುತ್ತದೆಂದು ನಾನು ನಡುವೆ ಬಾಯಿ ಹಾಕಿದೆ. ಗಿಡಕ್ಕೆ ಅದರಿಂದೇನು ಉಪಯೋಗವೆಂದು ಜೀವಶಾಸ್ತ್ರದ ಮೇಡಂ ಎದ್ದರು. ಒಬ್ಬರ ಮಾತಿಗೆ ಒಬ್ಬರು ಮಾತು ಕೂಡಿಸಿ ನಾವು ಪಾಠ ಮಾಡಿದ್ದು ಅದೇ ಮೊದಲು. ಖರೆ ಹೇಳುತ್ತೇನೆ, ನನಗೆ ಭಾಳ ಖುಷಿಯಾಯಿತು.

ಹುಡುಗಿಗೆ ಮಾತ್ರ ಸಮಾಧಾನವಿರಲಿಲ್ಲ. "ಆದ್ರ ನಮ್ಮೂರ ನೀರು ಹೆಂಗೈತಿ ಅನ್ನೂದು ಗೊತ್ತಾಗಲೇ ಇಲ್ಲಲ್ರಿ. ಪೂಜಿ ಮಾಡಿದ್ದೊಂದು, ಮಾಡದ್ದೊಂದು, ಎರಡೂ ಒಂದೇ ಬೋರಿಂದ ತರಬೇಕಿತ್ತು."

ಪ್ರಯೋಗ ಎಂದರೇನೆಂದು ನಾನು ತಿಂಗಳುಗಟ್ಟಲೆ ಬಡಬಡಿಸಿದ್ದು ಅದನ್ನೇ. "ಹಂಗಾರ ತಗೊಂಡ ಬಾ" ಎಂದರು ಸರ್. ಅವಳು ನನ್ನ ಮುಖ ನೋಡಿದಳು. ಅವಳು ಕಾಲೇಜು ಬಿಡುವ ದಿನ ಅದು ಎಂಬುದು ಸರ್‌ಗೆ ಗೊತ್ತಿರಲಿಲ್ಲ. ಸಂಜೆ ಒಂದೇ ಬಸ್ಸಿನಲ್ಲಿ ಮರಳುವಾಗ ಅವರಿಗೆ ಹೇಳಿದೆ.

ಸೋಮವಾರ ಬೆಳಿಗ್ಗೆ ಅವಳು ಬಂದಳು, ಜೊತೆಗೆ ಅವಳಪ್ಪ. ಅವರ ಕೈಚೀಲದಲ್ಲಿ ಎರಡು ಬಾಟಲಿಗಳಿದ್ದವು.

"ಮೇಡಂರಿ, ಇಕಿ ಕಾಲೇಜ ಬಿಡ್ತೀನಿ ಅಂದಿದ್ಲು, ನಾವೂ ಹೂಂ ಅಂದಿದ್ವಿ. ಈಗ ಇವರವ್ವ ತಕರಾರು ತಗದಾಳ್ರಿ. ನಾ ಪೂಜಿ ಮಾಡಿ ಕೊಟ್ಟ ನೀರು ಕೆಟ್ಟೈತಿ ಅಂದಾರಂತ, ಅದರಾಗ ಏನೈತಿ ಅನ್ನೂದನ್ನ ಇಕಿನೇ ಪೂರಾ ತಿಳ್ಕೊಂಡು ನಂಗ ಹೇಳಬೇಕು, ಅಲ್ಲೀತನಕ ಬಿಡೂಹಂಗಿಲ್ಲ ಅಂತ ಕುಂತಾಳ. ಪೂರಾ ತಿಳ್ಕೊಳ್ಳಾಕ ಎಷ್ಟ ದಿನ ಬೇಕ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಪ್ರನಾಳ ತೊಳೆಯುತ್ತಿದ್ದ ಸರ್ ತಲೆಯೆತ್ತದೆ ಹೇಳಿದರು:

"ಮೂರು ವರ್ಷರಿ."

ಅಪ್ಪ ಮಗಳತ್ತ ತಿರುಗಿದರು. ಅವಳು ಆಗಲೇ ಚೀಲದಿಂದ ಬಾಟಲಿ ತೆಗೆದು, ಯಾವುದು ಯಾವುದೆಂದು ಚೀಟಿ ಅಂಟಿಸುತ್ತಿದ್ದಳು.