ಕರಾರಿನ ಮೊದಲ ಸಾಲು

ನಿಜಾಮರ ಕಾಲದಲ್ಲಿ ನಾನು ಕಲಬುರಗಿಯ ಸರಕಾರಿ ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದೆ, ಎಲ್ಲರ ಬಾಯಲ್ಲೂ ಮುನ್ಶಿ. ನನ್ನ ಉರ್ದು ಅಕ್ಷರ ದುಂಡಗಿದ್ದುದರಿಂದ ಕಾರ್ಮಿಕ ಸಂಘದ ಕಾಗದಪತ್ರವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಡಿಪೋದ ಸಾಹೇಬರೊಂದಿಗೆ ಆದ ಕರಾರನ್ನೂ ನಾನೇ ಬರೆದೆ. ವಿಚಾರಣೆಯಿಲ್ಲದೆ ಯಾವ ನೌಕರನನ್ನೂ ಕೆಲಸದಿಂದ ತೆಗೆಯಬಾರದು ಎಂಬುದೇ ಅದರ ಜೀವ. ಅಷ್ಟಕ್ಕಾಗಿ ಎರಡು ವರ್ಷ ಅಲೆದಿದ್ದೆವು.

ಸಹಿಯ ದಿನ ಸಾಹೇಬರು ಮೊದಲ ಸಾಲಿನಲ್ಲಿ ಒಂದು ಶಬ್ದ ಸೇರಿಸಲು ಹೇಳಿದರು. ನೌಕರ ಎಂಬುದಕ್ಕೆ ಮುಂಚೆ ‘ಮುಸ್ತಕಿಲ್’, ಅಂದರೆ ಕಾಯಂ. ಡಿಪೋದಲ್ಲಿ ಅರ್ಧಕ್ಕರ್ಧ ಜನ ಹಂಗಾಮಿಗಳು; ಎಷ್ಟು ವರ್ಷ ದುಡಿದರೂ ಕಾಗದದ ಮೇಲೆ ತಾತ್ಕಾಲಿಕ. ನಾನು ಲೇಖನಿ ಎತ್ತಿ ಸಂಘದ ಮುಖಂಡರ ಮುಖ ನೋಡಿದೆ.

“ಬರೀರಿ,” ಅಂದರು ಮೆಲ್ಲಗೆ. “ಮೊದಲ ಇಷ್ಟು ಕೈಗೆ ಬರಲಿ. ಉಳದವರ ಸಲುವಾಗಿ ಆಮ್ಯಾಲೆ ಕೇಳೋಣು.”

ನಾನು ಕಾಯಂ. ಬರೆದೆ.

ಕಮಲಾಪುರದ ಬಸ್ಸು ಓಡಿಸುತ್ತಿದ್ದ ಡ್ರೈವರ್ ಚಾಚಾ ಹಂಗಾಮಿ. ಹೆದರುತ್ತಿದ್ದ ಡ್ರೈವರುಗಳನ್ನು ಒಬ್ಬೊಬ್ಬರಾಗಿ ಸಂಘಕ್ಕೆ ಕರೆತಂದವರೇ ಅವರು. ಓದು ಬರುತ್ತಿರಲಿಲ್ಲ. ಕರಾರಾದ ಮರುದಿನ ಕಮಲಾಪುರದಿಂದ ಕೆಂಪು ಬಾಳೆಯ ಗೊನೆಯೊಂದನ್ನು ತಂದು ಎಲ್ಲರಿಗೂ ಹಂಚಿದರು.

“ಇನ್ನ ನಮ್ಮನ್ನ ಯಾರೂ ಹಂಗ ತಗದಹಾಕಂಗಿಲ್ಲಲ್ರೀ ಮುನ್ಶಿ?”

“ಇಲ್ಲ ಚಾಚಾ,” ಅಂದೆ. ಬಾಯಲ್ಲಿ ಅವರು ಕೊಟ್ಟ ಹಣ್ಣಿತ್ತು.

ಮಳೆಗಾಲ ಮುಗಿಯುವುದರೊಳಗೆ ಅವರನ್ನು ತೆಗೆದರು. ಕಣ್ಣು ಮಂಜಾಗಿದೆಯಂತೆ. ಯಾವ ಡಾಕ್ಟರೂ ನೋಡಿರಲಿಲ್ಲ, ಅವರ ಜಾಗಕ್ಕೆ ಬೇರೊಬ್ಬ ಆಗಲೇ ಬಂದಿದ್ದ. ಚಾಚಾ ನನ್ನನ್ನು ಕರೆದುಕೊಂಡು ಸಾಹೇಬರ ಮುಂದೆ ಹೋಗಿ ನಿಂತರು.

“ಕರಾರ್ ಅದ ಅಲ್ರೀ ಸಾಬ್. ವಿಚಾರಣೆ ಮಾಡ್ರಿ.”

ಸಾಹೇಬರು ಸಿಟ್ಟಾಗಲಿಲ್ಲ. ಕರಾರನ್ನು ನನ್ನ ಕೈಗಿತ್ತು ಮೊದಲ ಸಾಲು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. ಚಾಚಾಗೆ ಅಕ್ಷರ ಬರದಿದ್ದರೇನು, ಉರ್ದು ಅವರ ಮನೆಮಾತು. ಮುಸ್ತಕಿಲ್ ಅನ್ನುವಾಗ ಅವರು ನನ್ನ ಕಡೆ ತಿರುಗಿದ್ದು ಕಾಣಿಸಿತು.

ಹೊರಗೆ ಬಂದ ಮೇಲೆ ಕೇಳಿದರು, “ಇದು ಯಾರು ಬರದದ್ದು?”

“ನಾನ ಚಾಚಾ.”

“ನಿಮ್ಮ ಅಕ್ಷರ ಭಾಳ ಛಲೋ ಅದಾವಂತಾರ,” ಅಂದು ಸ್ಟೇಶನ್ ಬಜಾರದ ಕಡೆ ನಡೆದುಬಿಟ್ಟರು.

ಸಂಜೆಯೇ ಮುಖಂಡರ ಬಳಿ ಹೋದೆ. ಈಗ ಕೆದಕಿದರೆ ಇದ್ದದ್ದೂ ಹೋಗುತ್ತದೆ ಅಂದರು. ಅವರು ಕೆಟ್ಟವರೇನಲ್ಲ. ಮರುವರ್ಷ ಅವರಿಗೆ ದೂರದ ಡಿಪೋಗೆ ವರ್ಗವಾಯಿತು. ಹಂಗಾಮಿಗಳ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟೋ ಸಲ ರಾಜೀನಾಮೆ ಬರೆದೆ, ಹರಿದೆ.

ಮುಂದೊಮ್ಮೆ ತಪಾಸಣೆಗೆಂದು ಕಮಲಾಪುರಕ್ಕೆ ಹೋದಾಗ ಚಾಚಾ ಬಸ್ಸಿನ ಮೇಲೆ ತೊಗರಿಯ ಚೀಲ ಏರಿಸುತ್ತಿದ್ದರು. ಹತ್ತಿರ ಹೋಗಿ ಸಲಾಂ ಮಾಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ.

ಬೆನ್ನ ಮೇಲೆ ಚೀಲವಿತ್ತು. ತಲೆ ಎತ್ತದೆಯೇ, “ಸರೀರಿ ಮುನ್ಶಿ,” ಅಂದರು, “ಗಾಡಿಗೆ ತಡಾ ಆಗ್ತದ.”

ಸರಿದು ನಿಂತೆ.